ಕಡತ, ಕೀಲಿಮಣೆ, ಮೋಡ: ಡಿಜಿಟಲ್ ಪಠ್ಯದ ರೂಪಕಗಳೂ ಕಂಬಂ ಕಣಿವೆಯ ಕನ್ನಡವೂ

ತೇನಿ ಜಿಲ್ಲೆಯ ಕಂಬಂ ಪಟ್ಟಣದಲ್ಲಿ ದೇವರಿಗೆ ಬಿಟ್ಟ ದನಗಳ ಹಿಂಡೊಂದಿದೆ. ಊರಿನ ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ಈ ಹಿಂಡನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದವರು ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರು. ತಮ್ಮನ್ನು ಒಕ್ಕಲಿಗರೆಂದೂ ಕರೆದುಕೊಳ್ಳುವವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಕೋಶದಲ್ಲಿ ಇವರ ಮೇಲೊಂದು ಬರೆಹವಿದ್ದು, ಹಿಂಡಿನ ಕನ್ನಡ ಹೆಸರನ್ನು ಅಲ್ಲಿ ರೋಮನ್ ಅಕ್ಷರಗಳಲ್ಲಿ ಕಾಣಬಹುದು: ‘ದೇವರು ಆವು’. ಹಿಂಡಿನ ಮುಂದಾಳಾದ ಎತ್ತು ‘ಪಟ್ಟದ ಆವು’. ಅದು ಸತ್ತಾಗ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿಹಾಕಿದ ಎತ್ತಿಗೆ ಪಟ್ಟ. ‘ಆವು’ ಎಂಬುದು ಇಂದಿನ ಬರೆಹದ ಕನ್ನಡದಲ್ಲಿ ಹಸು, ಆಕಳುಗಳ ಹಿಂದೆ ಸರಿದುಹೋದ ಹಳೆಯ ಮಾತು.

ಈ ಎರಡು ಹೆಸರುಗಳನ್ನು ಇಂದು ಗಣಕದಲ್ಲಿ ದಾಖಲಿಸಬೇಕಾದರೆ ಯಾವ ಲಿಪಿಯಲ್ಲಿ ದಾಖಲಿಸಬೇಕು? ಕನ್ನಡ ಲಿಪಿಯಲ್ಲಿ ಬರೆದರೆ ಕಣಿವೆಯಲ್ಲಿ ಓದುವವರು ವಿರಳ. ಈ ಮನೆಗಳ ಮಕ್ಕಳು ಅಕ್ಷರ ಕಲಿಯುವುದು ತಮಿಳಿನಲ್ಲಿ. ತಮಿಳು ಲಿಪಿಯಲ್ಲಿ ಬರೆದರೆ ‘ದೇವರು’ ಎಂಬುದನ್ನು ‘ತೇವರು’ ಎಂದೂ ಓದಬಹುದು. ತೇವರ್ ಎಂಬುದು ಅದೇ ಸೀಮೆಯ ಬೇರೊಂದು ಸಮುದಾಯದ ಬಿರುದು. ಪ್ರಶ್ನೆ ಮೇಲ್ನೋಟಕ್ಕೆ ತಾಂತ್ರಿಕವಾದುದು. ಆದರೆ ಅದಕ್ಕೆ ಕೊಡುವ ಉತ್ತರವು ‘ಪಠ್ಯ’ ಎಂದರೆ ಏನೆಂದು ಮನಸ್ಸಿನಲ್ಲಿ ಮೊದಲೇ ಮೂಡಿರುವ ಚಿತ್ರವನ್ನು ಅವಲಂಬಿಸಿದೆ. ಆ ಚಿತ್ರಗಳೆಲ್ಲ ಹೆಚ್ಚುಕಡಿಮೆ ಕಾಗದದವು, ಕಚೇರಿಯವು. ಕಾಗದವನ್ನೇ ಕಾಣದ ಮಾತಿಗೆ ಅವನ್ನು ಹೊಂದಿಸುವಾಗ ಏನು ಕೈತಪ್ಪುತ್ತದೆ ಎಂಬುದು ಪರಿಶೀಲಿಸಬೇಕಾದ ವಿಷಯ.

ಕನ್ನಡದ ಅಲಂಕಾರಶಾಸ್ತ್ರದಲ್ಲಿ ರೂಪಕವು ಕಾವ್ಯದ ಒಡವೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ಪುಸ್ತಕದ ವಾದ ಇದಕ್ಕಿಂತ ಭಿನ್ನ: ರೂಪಕವು ಮಾತಿನ ಮೇಲಿನ ಒಡವೆಯಲ್ಲ, ಆಲೋಚನೆಯ ನಡಿಗೆಯೇ ಅದು, ಗೊತ್ತಿರುವ ಒಂದು ವಸ್ತುವಿನ ಮೂಲಕವೇ ಗೊತ್ತಿಲ್ಲದ ಮತ್ತೊಂದನ್ನು ಮನುಷ್ಯ ಹಿಡಿಯುತ್ತಾನೆ. ಹೀಗೆ ಹಿಡಿದಾಗ ಹೋಲುವ ಅಂಶಗಳು ಬೆಳಕಿಗೆ ಬರುತ್ತವೆ, ಹೋಲದವು ಮರೆಯಾಗುತ್ತವೆ. ಇದಕ್ಕೆ ಒಂದು ವರ್ಷ ಮೊದಲೇ ಮೈಕೆಲ್ ರೆಡ್ಡಿಯವರು ಮಾತನ್ನು ಕುರಿತ ಮಾತುಗಳಲ್ಲೇ ಅಡಗಿರುವ ಒಂದು ರೂಪಕವನ್ನು ತೋರಿಸಿದ್ದರು. ಅರ್ಥವನ್ನು ಪದದೊಳಗೆ ‘ತುಂಬುವುದು’, ಕೇಳುಗನಿಗೆ ‘ಮುಟ್ಟಿಸುವುದು’, ಅವನು ಅದನ್ನು ‘ತೆಗೆದುಕೊಳ್ಳುವುದು’ ಎಂಬಂತಹ ಬಳಕೆಗಳಲ್ಲಿ ಭಾಷೆ ಒಂದು ಕೊಳವೆ, ಪದ ಒಂದು ಪಾತ್ರೆ. ಪಾತ್ರೆ ಬದಲಾದರೂ ಒಳಗಿನ ಪದಾರ್ಥ ಬದಲಾಗದು ಎಂಬ ನಂಬಿಕೆ ಈ ಚಿತ್ರದೊಂದಿಗೇ ಬರುತ್ತದೆ. ಲಿಪಿಯನ್ನು ಕುರಿತ ಚರ್ಚೆಗಳಲ್ಲಿ ಈ ನಂಬಿಕೆ ಮಾಡಿರುವ ಕೆಲಸ ಕಡಿಮೆಯದಲ್ಲ.

ಗಣಕದ ಪರದೆಗೆ ಕಾಗದದ ಚಿತ್ರ ಬಂದ ಬಗೆ ಇತಿಹಾಸದಲ್ಲಿ ಸ್ಪಷ್ಟವಾಗಿದೆ. 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಸ್ಟಾರ್ ಯಂತ್ರವನ್ನು ಕಚೇರಿಯ ನೌಕರರಿಗಾಗಿ ರೂಪಿಸಲಾಗಿತ್ತು. ಅವರಿಗೆ ಪರಿಚಿತವಾದ ಮೇಜು, ಹಾಳೆ, ಫೈಲು, ಫೋಲ್ಡರು, ಟಪಾಲು ಪೆಟ್ಟಿಗೆಗಳ ಚಿತ್ರಗಳೇ ಪರದೆಯ ಮೇಲೆ ನಿಂತವು. 1984ರ ಮೆಕಿಂತೋಷ್ ಯಂತ್ರದ ಮೂಲಕ ಈ ಮೇಜು ಮನೆಮನೆಗೂ ಬಂತು. 1965ರಲ್ಲಿಯೇ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ಸೃಷ್ಟಿಸಿದ ಟೆಡ್ ನೆಲ್ಸನ್ ಗಣಕವು ಕಾಗದವನ್ನು ಅಣಕಿಸುತ್ತ ಕುಳಿತಿರುವುದನ್ನು ಟೀಕಿಸುತ್ತಲೇ ಬಂದರು, ಕೇಳಿದವರು ಕಡಿಮೆ. ಅಮೆರಿಕದ ಕಚೇರಿಯ ಈ ಮೇಜು ಭಾರತದ ಭಾಷೆಗಳಿಗೆ ಅನುವಾದಗೊಂಡಾಗ ಪ್ರತಿಯೊಂದು ಭಾಷೆಯೂ ತನ್ನ ಹಳೆಯ ಸಾಮಗ್ರಿಯನ್ನು ಅದರ ಮೇಲಿಟ್ಟಿತು ಎಂಬುದು ಇಲ್ಲಿ ಹೆಚ್ಚು ಸ್ವಾರಸ್ಯದ ಸಂಗತಿ.

ಫೈಲಿಗೆ ಕನ್ನಡದ ಗಣಕಲೋಕ ಕೊಟ್ಟ ಹೆಸರು ‘ಕಡತ’. ಸರ್ಕಾರಿ ಕಚೇರಿಯ ‘ಕಡತ ವಿಲೇವಾರಿ’ಯಿಂದ ಬಂದ ಈ ಪದದ ಮೂಲ ಬೇರೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ಕಡತ. ವ್ಯಾಪಾರಿಗಳೂ ಶಾನುಭೋಗರೂ ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಪರಿಚಿತವಾದ ಆಕರಗಳು. ತಮಿಳಿನಲ್ಲಿ ಫೈಲಿಗೆ ‘ಕೋಪ್ಪು’ ಎನ್ನುತ್ತಾರೆ. ಅದರ ಬೇರು ‘ಕೋ’, ಅಂದರೆ ಪೋಣಿಸು. ದಾರಕ್ಕೆ ಹೂ ಕೋದಂತೆ ಎಂಬಲ್ಲಿ ಕನ್ನಡದಲ್ಲೂ ಇರುವ ಅದೇ ಧಾತು. ತೂತು ಕೊರೆದು ದಾರಕ್ಕೆ ಪೋಣಿಸಿದ ಓಲೆಗಳ ಕಟ್ಟು ಆ ಪದದ ಹಿಂದೆ ಕಾಣುತ್ತದೆ. ಒಂದು ಭಾಷೆಯ ಗಣಕದಲ್ಲಿ ಮಡಚಿದ ಬಟ್ಟೆ, ಇನ್ನೊಂದರಲ್ಲಿ ಪೋಣಿಸಿದ ಓಲೆ. ಕಂಬಂ ಕಣಿವೆಯ ಕನ್ನಡಿಗನ ಫೋನಿನಲ್ಲಿರುವುದು ಎರಡನೆಯದು.

ಯಂತ್ರದ ಒಳಗೆ ಮಡಿಕೆಯೂ ಇಲ್ಲ, ದಾರವೂ ಇಲ್ಲ. ಫೈಲು ಎಂಬುದು ಸಂಖ್ಯೆಗಳ ಒಂದು ಸಾಲು. ಅದರ ತುಣುಕುಗಳು ಸಂಗ್ರಹದಲ್ಲಿ ಬೇರೆಬೇರೆ ಕಡೆ ಚದುರಿರಬಹುದು. ಯಾವ ತುಣುಕು ಎಲ್ಲಿದೆ ಎಂಬುದನ್ನು ಒಂದು ಪಟ್ಟಿ ಹೇಳುತ್ತದೆ. ಅಳಿಸಿದಾಗ ಅನೇಕ ವೇಳೆ ಅಳಿಯುವುದು ಆ ಪಟ್ಟಿಯ ನಮೂದು ಮಾತ್ರ. ಬೇರೆ ಬರೆಹ ಆ ಜಾಗವನ್ನು ಆಕ್ರಮಿಸುವ ತನಕ ಹಳೆಯದು ಅಲ್ಲಿಯೇ ಇರುತ್ತದೆ. ಬಟ್ಟೆಯ ಕಡತವನ್ನು ಒರೆಸಿದರೆ ಮಾತ್ರ ನಿಜವಾಗಿ ಒರೆಸಿದಂತೆ. ಇವು ಸಣ್ಣ ವ್ಯತ್ಯಾಸಗಳು, ದಿನನಿತ್ಯದ ಕೆಲಸಕ್ಕೆ ತೊಂದರೆ ಕೊಡುವಂಥವಲ್ಲ. ‘ಪುಟ’ ಎಂಬ ಪದವೂ ಹೀಗೆಯೇ: ಮೂಲದಲ್ಲಿ ಅದರ ಅರ್ಥ ಮಡಿಕೆ, ಇಂದು ಅದು ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಮುಗಿಯದ ಪರದೆ. ಯಾರಿಗೂ ಗೊಂದಲವಾಗಿಲ್ಲ.

ಗೊಂದಲವಾಗುವುದು ಅಕ್ಷರದ ವಿಷಯದಲ್ಲಿ. ಮುದ್ರಣಾಲಯದಲ್ಲಿ ಅಕ್ಷರವೆಂದರೆ ಅಚ್ಚುಮೊಳೆ: ಕಾಣುವ ಆಕಾರವೇ ಅದರ ಸರ್ವಸ್ವ. ಗಣಕದ ಆರಂಭದ ದಿನಗಳಲ್ಲಿ ಕನ್ನಡ ಲೋಕ ಇದೇ ಚಿತ್ರವನ್ನು ಹಿಡಿದು ನಡೆಯಿತು. ಇಂಗ್ಲಿಷ್ ಅಕ್ಷರಗಳಿಗಿದ್ದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟುಗಳು ಬಂದವು. ಪರದೆಯ ಮೇಲೆ ಕನ್ನಡ ಕಂಡಿತು, ಒಳಗೆ ಇದ್ದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂತಹ ಬರೆಹವನ್ನು ತೆರೆದವರು ಕಂಡ ಕಲಸುಮೇಲೋಗರ ಇಂದಿಗೂ ಹಳೆಯ ಸಂಚಿಕೆಗಳ ಸಂಪಾದಕರಿಗೆ ನೆನಪಿದ್ದೀತು. ಯುನಿಕೋಡ್ ಈ ಚಿತ್ರವನ್ನು ಬದಲಿಸಿತು. ಅದರಲ್ಲಿ ಅಕ್ಷರವೆಂದರೆ ಆಕಾರವಲ್ಲ, ಒಂದು ಸಂಖ್ಯೆ. ಆಕಾರ ಆಮೇಲಿನ ಮಾತು.

ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಅಕ್ಷರವನ್ನು ಶ್ರಾವಣ, ಚಾಕ್ಷುಷ ಎಂದು ಎರಡಾಗಿ ನೋಡುತ್ತಾನೆ. ಕಿವಿಗೆ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಎರಡೂ ಅಕ್ಷರವೇ, ಆದರೆ ಒಂದೇ ಅಲ್ಲ ಎಂಬ ಎಚ್ಚರ ಅಲ್ಲಿದೆ. ಗಣಕವು ಇವುಗಳ ಜೊತೆಗೆ ಮೂರನೆಯದೊಂದನ್ನು ತಂದಿದೆ: ಕೇಳದ, ಕಾಣದ, ಎಣಿಕೆಗೆ ಮಾತ್ರ ಸಿಗುವ ಅಕ್ಷರ. ಕಂಬಂ ಕಣಿವೆಯ ಕನ್ನಡಕ್ಕೆ ಶ್ರಾವಣ ರೂಪ ತಲೆಮಾರುಗಳಿಂದ ಇದೆ. ಅದರ ಚಾಕ್ಷುಷ ರೂಪ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವ ಮೊದಲೇ ಸಂಖ್ಯಾರೂಪ ಅದರ ಎದುರು ಬಂದು ನಿಂತಿದೆ.

ಆ ಸಂಖ್ಯೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪಗೊಂಡ ‘ಇಸ್ಕಿ’ ಪಟ್ಟಿಯು ವರ್ಣಮಾಲೆಯನ್ನು ಧ್ವನಿಯ ಕ್ರಮದಲ್ಲಿ ಜೋಡಿಸಿತ್ತು. ಸಂಖ್ಯೆ ಧ್ವನಿಗೆ ಸೇರಿದ್ದು, ಲಿಪಿ ಅದರ ಮೇಲಿನ ಉಡುಗೆ. ಉಡುಗೆ ಬದಲಿಸಿದರೆ ಅದೇ ಬರೆಹ ಕನ್ನಡದಲ್ಲೂ ದೇವನಾಗರಿಯಲ್ಲೂ ಕಾಣಬೇಕು ಎಂಬುದು ಅದರ ಹಿಂದಿನ ಆಲೋಚನೆ. 1991ರಿಂದ ಹೊರಬಂದ ಯುನಿಕೋಡ್ ಈ ಜೋಡಣೆಯನ್ನು ಉಳಿಸಿಕೊಂಡು, ಪ್ರತಿಯೊಂದು ಲಿಪಿಗೂ ಬೇರೆ ಬೇರೆ ಕೇರಿಯನ್ನು ಕೊಟ್ಟಿತು. ಹೀಗಾಗಿ ತಮಿಳು ಕೇರಿಯೂ ಕನ್ನಡ ಕೇರಿಯೂ ಒಂದೇ ನಕ್ಷೆಯವು. ಸಮಾನ ಮನೆಗಳ ನಡುವೆ 256ರ ಅಂತರ. ಕನ್ನಡದಲ್ಲಿ ತ, ಥ, ದ, ಧ, ನ ಅಕ್ಷರಗಳಿಗೆ 3236ರಿಂದ 3240ರವರೆಗಿನ ಸಂಖ್ಯೆಗಳು. ತಮಿಳಿನಲ್ಲಿ ತ ಅಕ್ಷರಕ್ಕೆ 2980, ನ ಅಕ್ಷರಕ್ಕೆ 2984. ನಡುವಿನ 2981, 2982, 2983 ಖಾಲಿ. ‘ದೇವರು’ ಎಂಬ ಪದದ ಮೊದಲ ವ್ಯಂಜನ ಕನ್ನಡ ಕೇರಿಯಲ್ಲಿ 3238. ಅದಕ್ಕೆ ಸರಿಯಾದ 2982ನೆಯ ತಮಿಳು ಮನೆಯಲ್ಲಿ ಯಾರೂ ಇಲ್ಲ. ಕವರ್ಗದಲ್ಲೂ ಹೀಗೆಯೇ ಮೂರು ಖಾಲಿ ಮನೆಗಳು, ಪವರ್ಗದಲ್ಲೂ ಮೂರು.

ತಮಿಳಿಗೆ ಈ ಖಾಲಿತನ ಕೊರತೆಯಲ್ಲ. ಒಂದೇ ಅಕ್ಷರ ಪದದ ಮೊದಲಲ್ಲಿ ತ, ಸ್ವರಗಳ ನಡುವೆ ದ ಎಂದು ಓದಿಕೊಳ್ಳುವ ನಿಯಮ ಆ ಭಾಷೆಯ ಜಾಯಮಾನಕ್ಕೆ ಒಪ್ಪುತ್ತದೆ. ಕನ್ನಡವನ್ನು ಅದರಲ್ಲಿ ಬರೆದಾಗ ಮಾತ್ರ ತೊಡಕು. ದನ, ಧನ, ತನ ಮೂರೂ ಒಂದೇ ಬರೆಹವಾಗುತ್ತವೆ. ‘ಗಾಳಿ’ ಬರೆದರೆ ತಮಿಳು ಓದುಗನಿಗೆ ‘ಕಾಳಿ’ ಕಾಣುತ್ತಾಳೆ. ಪಾತ್ರೆ ಬದಲಾದರೆ ಪದಾರ್ಥ ಬದಲಾಗದು ಎಂಬ ರೂಪಕ ಇಲ್ಲಿ ಸೋಲುತ್ತದೆ.

ಇದಕ್ಕೆ ಪಕ್ಕದಲ್ಲೇ ಒಂದು ಪರಿಹಾರವಿದೆ. ಸಂಸ್ಕೃತವನ್ನು ತಮಿಳು ಲಿಪಿಯಲ್ಲಿ ಅಚ್ಚು ಮಾಡುವವರು ಅಕ್ಷರದ ಹೆಗಲ ಮೇಲೆ 2, 3, 4 ಎಂಬ ಪುಟ್ಟ ಅಂಕೆಗಳನ್ನಿಟ್ಟು ಖ, ಗ, ಘ ಮುಂತಾದವನ್ನು ಸೂಚಿಸುತ್ತಾರೆ. ಮದುರೆ, ದಿಂಡಿಗಲ್ಲುಗಳಲ್ಲಿ ನೆಲೆಸಿರುವ ಸೌರಾಷ್ಟ್ರ ಭಾಷಿಕರೂ ತಮ್ಮ ಮಾತನ್ನು ತಮಿಳು ಲಿಪಿಯಲ್ಲಿ ಬರೆಯುವಾಗ ಇದೇ ಉಪಾಯವನ್ನು ಬಳಸಿದ್ದಾರೆ. ಅವರಿಗೆ ಸ್ವಂತ ಲಿಪಿಯೂ ಉಂಟು. 2008ರಲ್ಲಿ ಅದು ಯುನಿಕೋಡ್ ಸೇರಿತು. ಆದರೆ ಕಾಗದದ ಮೇಲೆ ಸಲೀಸಾಗಿ ನಿಂತ ಅಂಕೆ ಗಣಕದಲ್ಲಿ ಹಾಗೆ ನಿಲ್ಲುವುದಿಲ್ಲ. ವ್ಯಂಜನಕ್ಕೂ ಅದರ ಸ್ವರಚಿಹ್ನೆಗೂ ನಡುವೆ ಅಂಕೆ ಬಂದರೆ ಯಂತ್ರಕ್ಕೆ ಅಕ್ಷರ ಮುರಿದಂತೆ ತೋರಿ, ಸ್ವರಚಿಹ್ನೆ ಒಂಟಿಯಾಗಿ ಚುಕ್ಕಿಗಳ ವೃತ್ತದ ಪಕ್ಕದಲ್ಲಿ ನಿಲ್ಲುತ್ತದೆ. ಆದ್ದರಿಂದ ಅಂಕೆಯನ್ನು ಸ್ವರಚಿಹ್ನೆಯ ನಂತರ ಇಡಬೇಕು. ಅಲ್ಲದೆ, ಹೆಗಲ ಮೇಲಿನ 3 ಎಂಬುದು ಯಂತ್ರದ ಲೆಕ್ಕದಲ್ಲಿ ಅಂಕೆಯೇ. ಕೆಲವು ಸಂಸ್ಕರಣೆಗಳಲ್ಲಿ ಅದು ಕೆಳಗಿಳಿದು ಸಾಮಾನ್ಯ 3 ಆಗಿಬಿಡುತ್ತದೆ. ಮನುಷ್ಯನಿಗೆ ಉಚ್ಚಾರಣೆಯ ಗುರುತಾದದ್ದು ಯಂತ್ರಕ್ಕೆ ಎಣಿಕೆಯ ಗುರುತು.

ಕೀಲಿಮಣೆಯ ರೂಪಕ ಇನ್ನೂ ಬಿಗಿಯಾದುದು. ಕನ್ನಡದಲ್ಲಿ ಅದು ಕೀಲಿಗಳ ಮಣೆ, ತಮಿಳಿನಲ್ಲಿ ‘ವಿಸೈಪ್ಪಲಗೈ’, ಒತ್ತುಬಲದ ಹಲಗೆ. ಎರಡೂ ಹೆಸರುಗಳು ಯಂತ್ರದ ಹೊರಮೈಯನ್ನು ಹೇಳುತ್ತವೆ. ಫೋನಿನಲ್ಲಿ ಅದನ್ನು ಆಯ್ಕೆ ಮಾಡುವಾಗ ಕೇಳುವುದು ಮಾತ್ರ ‘ನಿಮ್ಮ ಭಾಷೆ ಯಾವುದು?’ ಎಂದು. ತಮಿಳು ಎಂದರೆ ತಮಿಳು ಅಕ್ಷರ, ಕನ್ನಡ ಎಂದರೆ ಕನ್ನಡ ಅಕ್ಷರ. ಪ್ರಶ್ನೆ ಭಾಷೆಯನ್ನು ಕುರಿತದ್ದು, ದೊರೆಯುವುದು ಲಿಪಿ. ರೋಮನ್ ಅಕ್ಷರದಲ್ಲಿ ಕನ್ನಡ ಟೈಪಿಸುವವರಿಗೆ ಅನುಕೂಲಗಳಿವೆ. ತಮಿಳು ಅಕ್ಷರದಲ್ಲಿ ಕನ್ನಡ ಎಂಬ ಆಯ್ಕೆ ಸಾಮಾನ್ಯ ಫೋನುಗಳಲ್ಲಿ ಕಾಣಸಿಗದು. ಇದರಲ್ಲಿ ವಿಚಿತ್ರವೇನಿಲ್ಲವೆಂದು ಕರ್ನಾಟಕದ ಓದುಗರಿಗೆ ಅನ್ನಿಸಿದರೆ, ತುಳು, ಕೊಡವ, ಕೊಂಕಣಿಗಳನ್ನು ಕನ್ನಡ ಲಿಪಿಯಲ್ಲಿ ಓದುವಾಗ ಅವೆಲ್ಲ ಕನ್ನಡ ಭಾಷೆಯಾಗಿಬಿಟ್ಟಿವೆಯೆಂದು ಯಾರೂ ಭಾವಿಸುವುದಿಲ್ಲ ಎಂಬುದನ್ನು ನೆನೆಯಬಹುದು. ಲಿಪಿಯನ್ನು ಕಡ ಕೊಟ್ಟು ಅಭ್ಯಾಸವಾದವರಿಗೆ ಕಡ ತರುವುದು ಕೊಂಚ ಮುಜುಗರ.

ಪರಿಣಾಮ ಕಾಣುವುದು ಕೆಂಪು ಗೆರೆಯಲ್ಲಿ. ಕಾಗುಣಿತ ತಿದ್ದುವ ತಂತ್ರಾಂಶ ತಪ್ಪಿನ ಕೆಳಗೆ ಎಳೆಯುವ ಕೆಂಪು ಗೆರೆ, ಶಾಲೆಯ ಮೇಷ್ಟರ ಕೆಂಪು ಶಾಯಿಯ ರೂಪಕ. ತಮಿಳು ಕೀಲಿಮಣೆಯಲ್ಲಿ ಮನೆಯ ಕನ್ನಡವನ್ನು ಬರೆದ ಹುಡುಗಿಗೆ ಪ್ರತಿ ಪದದ ಕೆಳಗೂ ಆ ಗೆರೆ ಬೀಳುತ್ತದೆ, ಇಲ್ಲವೆ ಪದವೇ ಹತ್ತಿರದ ತಮಿಳು ಪದವಾಗಿ ಮಾರ್ಪಡುತ್ತದೆ. ‘ಈ ಭಾಷೆ ನನಗೆ ತಿಳಿಯದು’ ಎಂದು ಯಂತ್ರ ಹೇಳುವುದಿಲ್ಲ. ‘ನೀನು ತಪ್ಪು ಬರೆದೆ’ ಎನ್ನುತ್ತದೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಶೇಕಡಾ 1.78. ಮನೆಯ ಮಾತು ಕೊರೆಮಾತು, ಹಾಳುಮಾತು ಎಂಬ ಹೀನಾಯದ ಭಾವನೆಯನ್ನು ಕಳೆಯಲು ಹೆಣಗುತ್ತಿರುವ ಸಣ್ಣ ಭಾಷಾಸಮುದಾಯಗಳಿಗೆ ಆ ಗೆರೆ ಬರಿಯ ಗೆರೆಯಲ್ಲ. ಇತ್ತ ಕರ್ನಾಟಕದಿಂದ ಹೋದ ಸಂಶೋಧಕ ಕನ್ನಡ ಲಿಪಿಯಲ್ಲಿ ಅದೇ ಮಾತನ್ನು ಬರೆದುಕೊಂಡರೂ ಕೆಂಪು ಗೆರೆ ತಪ್ಪದು. ‘ಆವು’ ಎಂಬುದನ್ನು ಯಂತ್ರ ಒಪ್ಪದೆ ಹೋದರೆ ಅವನ ಬೆರಳು ಅರಿವಿಲ್ಲದೆ ‘ಹಸು’ವಿನತ್ತ ಸರಿಯುತ್ತದೆ. ಒಂದು ಕಡೆ ಕಣಿವೆಯ ಕನ್ನಡವು ತಪ್ಪು ತಮಿಳು, ಇನ್ನೊಂದು ಕಡೆ ತಪ್ಪು ಕನ್ನಡ.

ಇದಕ್ಕೆ ತಾಂತ್ರಿಕ ದಾರಿ ಇಲ್ಲದಿಲ್ಲ. ಅಂತರಜಾಲದ ಭಾಷಾಸೂಚಿಗಳ ನಿಯಮಾವಳಿ 2006ರ ಪರಿಷ್ಕರಣೆಯಿಂದೀಚೆಗೆ ಭಾಷೆಯನ್ನೂ ಲಿಪಿಯನ್ನೂ ಬೇರೆಬೇರೆಯಾಗಿ ನಮೂದಿಸಲು ವ್ಯವಸ್ಥಿತ ಅವಕಾಶ ಕೊಟ್ಟಿದೆ. ಭಾಷೆಗೆ ಎರಡು ಅಥವಾ ಮೂರು ರೋಮನ್ ಅಕ್ಷರಗಳ ಸಂಕೇತ, ಲಿಪಿಗೆ ನಾಲ್ಕು ಅಕ್ಷರಗಳದ್ದು, ನಡುವೆ ಅಡ್ಡಗೆರೆ. ಸರ್ಬಿಯನ್ ಭಾಷೆಯ ಸಿರಿಲಿಕ್ ಬರೆಹವನ್ನೂ ಲ್ಯಾಟಿನ್ ಬರೆಹವನ್ನೂ ಹೀಗೆ ಬೇರ್ಪಡಿಸುತ್ತಾರೆ. ‘ಕನ್ನಡ ಭಾಷೆ, ತಮಿಳು ಲಿಪಿ’ ಎಂಬ ಸೂಚಿ ಅದೇ ನಿಯಮದಂತೆ ಸಿಂಧುವಾದುದು. ಯಾರ ಅನುಮತಿಯೂ ಬೇಕಿಲ್ಲ. ಸೂಚಿ ಹಾಕಿದ ಕೂಡಲೇ ಯಂತ್ರಕ್ಕೆ ಆ ಕನ್ನಡ ಬಂದುಬಿಡುವುದಿಲ್ಲ. ಆದರೆ ಹುಡುಕಾಟದಲ್ಲಿ ಅದು ತಮಿಳಿನ ರಾಶಿಯಲ್ಲಿ ಕಳೆದುಹೋಗದೆ ಉಳಿಯುತ್ತದೆ, ಮುಂದೆ ಯಾರಾದರೂ ಕಣಿವೆಯ ಕನ್ನಡಕ್ಕೆ ಪದಪಟ್ಟಿ ಕಟ್ಟುವಾಗ ಕೈಗೆ ಸಿಗುತ್ತದೆ.

ಭಾಷಾದಾಖಲೆಯ ಕೆಲಸ ಮಾಡುವವರು ಬಳಸುವ ‘ಪದರ’ ಎಂಬ ರೂಪಕವೂ ಇಲ್ಲಿ ಉಪಯುಕ್ತ. ನೈಮೇಗನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರೂಪಗೊಂಡ ‘ಇಲಾನ್’ ತಂತ್ರಾಂಶದಲ್ಲಿ ತಳದಲ್ಲಿ ಧ್ವನಿ ಇರುತ್ತದೆ. ಅದರ ಮೇಲೆ ಎಷ್ಟು ಪದರ ಬೇಕಾದರೂ ಹಾಸಬಹುದು. ಒಂದರಲ್ಲಿ ಅಂಕೆ ಸೇರಿಸಿದ ತಮಿಳು ಲಿಪಿ, ಇನ್ನೊಂದರಲ್ಲಿ ಕನ್ನಡ ಲಿಪಿ, ಮತ್ತೊಂದರಲ್ಲಿ ಅರ್ಥ. ಪ್ರತಿಯೊಂದು ಮಾತೂ ಧ್ವನಿಯ ನಿರ್ದಿಷ್ಟ ಕ್ಷಣಕ್ಕೆ ಕಟ್ಟಿಕೊಂಡಿರುತ್ತದೆ. ‘ದೇವರು’ ಎಂದು ಅಜ್ಜಿ ನುಡಿದದ್ದು ತಮಿಳು ಪದರದಲ್ಲಿ ಅಸ್ಪಷ್ಟವಾದರೂ ಕೆಳಗಿನ ಪದರ ಅದನ್ನು ಬಿಟ್ಟುಕೊಟ್ಟಿರುವುದಿಲ್ಲ. ಯಾವ ಲಿಪಿ ಎಂಬ ಮೊದಲಿನ ಪ್ರಶ್ನೆಗೆ ಒಂದನ್ನೇ ಆರಿಸಬೇಕೆಂಬ ಒತ್ತಾಯ ಹಾಳೆಯ ಚಿತ್ರದಿಂದ ಬಂದದ್ದು. ಒಂದು ಹಾಳೆಯ ಮೇಲೆ ಒಂದೇ ಬರೆಹಕ್ಕೆ ಜಾಗ.

ಈ ಪದರಗಳ ಕ್ರಮ ಕಚೇರಿಯ ಕ್ರಮಕ್ಕೆ ವಿರುದ್ಧವಾದುದು. ಪತ್ರವ್ಯವಹಾರದಲ್ಲಿ ಪತ್ರ ಮುಖ್ಯ, ಉಳಿದದ್ದು ‘ಲಗತ್ತು’. ಮಿಂಚಂಚೆಗೂ ಅದೇ ಪದ್ಧತಿ ಬಂದು, ಬರೆದದ್ದು ಪತ್ರವಾಗಿ, ಧ್ವನಿ ಲಗತ್ತಾಗಿ ಹೋಗುತ್ತದೆ. ಬರೆಹವಿಲ್ಲದ ಮಾತಿಗೆ ಧ್ವನಿಯೇ ಪತ್ರ, ಬರೆಹ ಅದರ ಲಗತ್ತು. ಕನ್ನಡದ ‘ಪಠ್ಯ’ ಎಂಬ ಪದವೇ ಪಠಿಸುವುದರಿಂದ ಬಂದದ್ದು, ಬಾಯಿಂದ ಹೇಳುವುದು ಅದರ ಮೂಲ. ಇಂಗ್ಲಿಷಿನ ‘ಟೆಕ್ಸ್ಟ್’ ಲ್ಯಾಟಿನ್ನಿನಲ್ಲಿ ನೇಯ್ಗೆ. ತಮಿಳಿನ ‘ನೂಲ್’ ಎಂದರೆ ನೂಲೂ ಹೌದು, ಗ್ರಂಥವೂ ಹೌದು. 13ನೆಯ ಶತಮಾನದಲ್ಲಿ ಜೈನ ವೈಯಾಕರಣ ಪವಣಂದಿ ತನ್ನ ನನ್ನೂಲಿನಲ್ಲಿ ಗ್ರಂಥರಚನೆಯನ್ನು ಹತ್ತಿಯಿಂದ ನೂಲು ತೆಗೆಯುವ ಕೆಲಸಕ್ಕೆ ಹೋಲಿಸಿದ್ದಾನೆ. ಕನ್ನಡದ ನೂಲಿಗೆ ಗ್ರಂಥದ ಅರ್ಥ ಬರಲಿಲ್ಲ. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯಂತಹ ಕೈಮಗ್ಗದ ಊರುಗಳಲ್ಲಿ, ಕನ್ನಡವಾಡುವವರೂ ತೆಲುಗಾಡುವವರೂ ಇರುವ ದೇವಾಂಗರ ನಡುವೆ ಈ ರೂಪಕವನ್ನು ವಿವರಿಸಲು ಹೆಚ್ಚು ಮಾತು ಬೇಕಾಗಲಾರದು.

ಕನ್ನಡದ ಗಣಕಪದಗಳಲ್ಲಿ ಅತ್ಯಂತ ಹೆಚ್ಚು ದಾರಿತಪ್ಪಿಸುವ ಪದ ಬಹುಶಃ ‘ಉಳಿಸು’. ತಮಿಳಿನಲ್ಲಿ ಇದಕ್ಕೆ ‘ಸೇಮಿ’ ಎನ್ನುತ್ತಾರೆ, ಹಣ ಕೂಡಿಡುವುದಕ್ಕೂ ಅದೇ ಮಾತು. ಕೂಡಿಟ್ಟದ್ದು ಖರ್ಚಾಗಬಹುದೆಂಬ ಎಚ್ಚರ ಆ ಪದದಲ್ಲಿ ಇದೆ. ಕನ್ನಡದಲ್ಲಿ ಕಡತವನ್ನೂ ‘ಉಳಿಸು’ತ್ತಾರೆ, ಭಾಷೆಯನ್ನೂ ‘ಉಳಿಸು’ತ್ತಾರೆ. ಯಂತ್ರದಲ್ಲಿ ಉಳಿಸುವುದೆಂದರೆ ವಿದ್ಯುತ್ತು ಹೋದರೆ ಅಳಿಯುವ ಸ್ಮೃತಿಯಿಂದ ಅಳಿಯದ ಸಂಗ್ರಹಕ್ಕೆ ಸಂಖ್ಯೆಗಳ ನಕಲು ತೆಗೆಯುವುದು, ಅಷ್ಟೆ. ಹಳೆಯ ಫಾಂಟುಗಳಲ್ಲಿ ಉಳಿಸಿದ ಕನ್ನಡ ಉಳಿದೂ ಓದಿಗೆ ಸಿಗದೆ ಹೋದದ್ದನ್ನು ಮೇಲೆ ಕಂಡದ್ದಾಯಿತು. ಅಜ್ಜಿಯ ಕಥೆಗಳನ್ನು ಧ್ವನಿಮುದ್ರಿಸಿ, ‘ಉಳಿಸಲಾಗಿದೆ’ ಎಂಬ ಸಂದೇಶ ಪರದೆಯ ಮೇಲೆ ಮೂಡಿದಾಗ, ಕೆಲಸ ಮುಗಿಯಿತೆಂಬ ನೆಮ್ಮದಿ ಬರುತ್ತದೆ. ಮೊಮ್ಮಗಳು ಅಜ್ಜಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ ಎಂಬುದರ ಮೇಲೆ ಆ ಸಂದೇಶಕ್ಕೆ ಯಾವ ಹಿಡಿತವೂ ಇಲ್ಲ.

ಉಳಿಸಿದ್ದು ಎಲ್ಲಿ ಇದೆ ಎಂದರೆ ಈಗಿನ ಉತ್ತರ ‘ಕ್ಲೌಡ್’, ಮೋಡ. ಈ ರೂಪಕವನ್ನು ಪರೀಕ್ಷಿಸಲು ಕಂಬಂ ಕಣಿವೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ನೈಋತ್ಯ ಮುಂಗಾರಿನ ಮೋಡಗಳು ಪಶ್ಚಿಮಘಟ್ಟದ ಆಚೆಯ ಮಗ್ಗುಲಲ್ಲಿ ಮಳೆಯನ್ನು ಸುರಿದು, ಕಣಿವೆಯ ಕಡೆಗೆ ಹಗುರಾಗಿ ಬರುತ್ತವೆ. ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳ ಗದ್ದೆಗಳನ್ನೂ ದ್ರಾಕ್ಷಿತೋಟಗಳನ್ನೂ ಹಸಿರಾಗಿಟ್ಟಿರುವ ನೀರಿನ ದೊಡ್ಡ ಪಾಲು ಮೋಡದಿಂದ ನೇರ ಬಿದ್ದದ್ದಲ್ಲ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನಿಂದ, ಬೆಟ್ಟ ಕೊರೆದ ಸುರಂಗದ ಮೂಲಕ ಅದು ವೈಗೈ ಕಡೆಗೆ ಹರಿಯುತ್ತದೆ. ಸುರಂಗಕ್ಕೂ ಮೊದಲು ಬಂದದ್ದು ಕಾಗದ: ತಿರುವಾಂಕೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ 1886ರಲ್ಲಿ ಆದ 999 ವರ್ಷಗಳ ಗುತ್ತಿಗೆ. 1970ರಲ್ಲಿ ಅದಕ್ಕೆ ಪೂರಕ ಒಪ್ಪಂದಗಳಾದವು. ಆ ಕಾಗದದ ಒಂದೊಂದು ಮಾತಿನ ಮೇಲೂ ನ್ಯಾಯಾಲಯಗಳಲ್ಲಿ ವಾದ ನಡೆದಿದೆ. ನೀರು ಮೋಡದಿಂದ ಬರುತ್ತದೆಂದು ಕಣಿವೆಯ ಯಾವ ರೈತನೂ ಸುಮ್ಮನೆ ಕೂರುವುದಿಲ್ಲ. ಕಟ್ಟೆ ಯಾರದು, ತೂಬು ಯಾರ ಕೈಯಲ್ಲಿದೆ, ಕರಾರಿನಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತು.

ಡಿಜಿಟಲ್ ಮೋಡದ ಒಳಗೂ ಇರುವುದು ಕಟ್ಟಡ, ಯಂತ್ರ, ತಂತಿ, ಕರಾರು. ಧ್ವನಿಯ ನಕಲು ಯಾವ ದೇಶದ ಯಾವ ಕಟ್ಟಡದಲ್ಲಿದೆ, ಖಾತೆ ಮುಚ್ಚಿದರೆ ಅದು ಎಷ್ಟು ದಿನ ಉಳಿಯುತ್ತದೆ, ಆ ದನಿಯಿಂದ ಮಾತನಾಡುವ ಯಂತ್ರಗಳನ್ನು ತರಬೇತುಗೊಳಿಸಬಹುದೆ, ಸಮುದಾಯದ ಪರವಾಗಿ ಬೇಡವೆನ್ನುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ‘ಒಪ್ಪಿದ್ದೇನೆ’ ಎಂಬ ಗುಂಡಿಯ ಮೇಲ್ಗಡೆಯ ಉದ್ದನೆಯ ಬರೆಹದಲ್ಲಿ. ಆ ಬರೆಹ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಅಜ್ಜಿಯ ಮನೆಮಾತಿನಲ್ಲೂ ಇಲ್ಲ, ಮೊಮ್ಮಗಳು ಶಾಲೆಯಲ್ಲಿ ಓದಿದ ಭಾಷೆಯಲ್ಲೂ ಇಲ್ಲ. ದನಿ ಅಜ್ಜಿಯದು, ಖಾತೆ ಮೊಮ್ಮಗಳ ಫೋನಿನ ಹೆಸರಿನಲ್ಲಿದೆ, ಗುಂಡಿಯನ್ನು ಒತ್ತಿದವಳೂ ಅವಳೇ.